ಒಡವೆಯ ಬೆನ್ನು ಹತ್ತಿ

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಮಗೆ ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ಪಾಠ ಮಾಡಿದ ಮೇಷ್ಟರಿಗೆ ನೀತಿವಾಕ್ಯಗಳೆಂದರೆ ಅಷ್ಟಕ್ಕಷ್ಟೆ. ಬಡತನವನ್ನು ಕುರಿತ ನಾಯಕ ಚಾರುದತ್ತನ ಶ್ಲೋಕಗಳನ್ನು ನಾವು ಉರು ಹೊಡೆಯುತ್ತಿದ್ದರೆ, “ಅದಕ್ಕೆ ಗೈಡ್ ಇದೆ, ನೀವು ಒಡವೆ ಎಲ್ಲಿಗೆ ಹೋಯಿತು ನೋಡಿ” ಎನ್ನುತ್ತಿದ್ದರು.

ಹತ್ತು ಅಂಕಗಳ ಆ ನಾಟಕದಲ್ಲಿ ಬಡವನಾದ ಚಾರುದತ್ತ ಮತ್ತು ಗಣಿಕೆ ವಸಂತಸೇನೆಯರ ಪ್ರೇಮಕಥೆಯಿದೆ. ಉಜ್ಜಯಿನಿಯ ರಾಜ ಪಾಲಕನನ್ನು ಗೋವಳರ ಹುಡುಗ ಆರ್ಯಕ ಉರುಳಿಸುವ ದಂಗೆಯೂ ಇದೆ. ಇವೆರಡೂ ಒಂದೇ ನಾಟಕದಲ್ಲಿ ಏಕೆ? ವಸಂತಸೇನೆ ಚಾರುದತ್ತನ ಮನೆಯಲ್ಲಿ ಇರಿಸಿದ ಒಡವೆಯನ್ನು ಕದಿಯುವವನು ಶರ್ವಿಲಕ. ವಸಂತಸೇನೆಯ ದಾಸಿ ಮದನಿಕೆಯನ್ನು ಬಿಡಿಸಿಕೊಳ್ಳಲು ಅವನಿಗೆ ಹಣ ಬೇಕು. (ಕನ್ನ ಕೊರೆಯುವಾಗ ಅಳತೆಯ ದಾರ ಮರೆತು ಜನಿವಾರವನ್ನೇ ಹಿಡಿಯುವ ಕಳ್ಳ ಅವನು!) ಎಲ್ಲ ಗೊತ್ತಿದ್ದೂ ವಸಂತಸೇನೆ ಮದನಿಕೆಯನ್ನು ಅವನೊಡನೆ ಕಳಿಸುತ್ತಾಳೆ. ದಾರಿಯಲ್ಲೇ ಗೆಳೆಯ ಆರ್ಯಕ ಸೆರೆಯಾದ ಸುದ್ದಿ ಬರುತ್ತದೆ, ಶರ್ವಿಲಕ ಹೊಸ ಹೆಂಡತಿಯನ್ನು ಬಿಟ್ಟು ಅವನನ್ನು ಬಿಡಿಸಲು ಹೊರಡುತ್ತಾನೆ.

ಒಳ್ಳೆಯದು ಮಾಡಿದರೆ ಒಳ್ಳೆಯದಾಗುತ್ತದೆ, ಇಷ್ಟೇ ತಾನೆ ಎಂದು ನಾವು ಟಿಪ್ಪಣಿ ಮುಗಿಸುವವರಿದ್ದೆವು. ಜೂಜಿನ ಸಾಲದಿಂದ ವಸಂತಸೇನೆ ಪಾರು ಮಾಡಿದ ಸಂವಾಹಕನೇ ಭಿಕ್ಷುವಾಗಿ ಅವಳ ಜೀವ ಉಳಿಸುತ್ತಾನಲ್ಲ! ಮೇಷ್ಟರು ನಮ್ಮಿಂದ ಒಂಬತ್ತನೆಯ ಅಂಕ ತೆಗೆಸಿದರು. ಅದಕ್ಕೆ ಮೊದಲು, ಚಿನ್ನದ ಬಂಡಿ ಬೇಕೆಂದು ಅಳುತ್ತಿದ್ದ ಚಾರುದತ್ತನ ಮಗ, ವಸಂತಸೇನೆಯನ್ನು ಅಮ್ಮನೆಂದು ತೋರಿಸಿದಾಗ, ಇವಳು ಅಮ್ಮನಾದರೆ ಇಷ್ಟು ಒಡವೆ ಏಕೆ ಎಂಬರ್ಥದಲ್ಲಿ ಕೇಳಿದ್ದ. ವಸಂತಸೇನೆ ಅಳುತ್ತಲೇ ಮೈಮೇಲಿನ ಒಡವೆ ಬಿಚ್ಚಿ ಅವನ ಮಣ್ಣಿನ ಬಂಡಿಗೆ ತುಂಬಿದ್ದಳು. ಅವನ್ನು ಹಿಂದಿರುಗಿಸಲು ಹೊರಟ ಚಾರುದತ್ತನ ಗೆಳೆಯ ಮೈತ್ರೇಯ, ನ್ಯಾಯಸ್ಥಾನದಲ್ಲಿ, ತಾನೇ ವಸಂತಸೇನೆಯ ಕತ್ತು ಹಿಸುಕಿ ಕೊಲೆಯನ್ನು ಚಾರುದತ್ತನ ಮೇಲೆ ಹೊರಿಸಿದ ಶಕಾರನೊಡನೆ ಜಗಳಕ್ಕಿಳಿಯುತ್ತಾನೆ. ಕಂಕುಳಲ್ಲಿದ್ದ ಒಡವೆ ಎಲ್ಲರೆದುರು ಬೀಳುತ್ತದೆ, ಚಾರುದತ್ತನೇ ಅವಳನ್ನು ಕೊಂದನೆಂಬುದಕ್ಕೆ ಸಾಕ್ಷಿಯಾಗುತ್ತದೆ. ಇಡೀ ನಾಟಕದಲ್ಲಿ ಇದಕ್ಕಿಂತ ಅಕ್ಕರೆಯ ಕೊಡುಗೆಯಿಲ್ಲ, ಅದೇ ಅವನನ್ನು ವಧಾಸ್ಥಾನಕ್ಕೆ ಒಯ್ಯಿತು. ಗಡೀಪಾರು ಸಾಕೆಂದು ನ್ಯಾಯಾಧೀಶ ಸೂಚಿಸಿದರೂ ಪಾಲಕ ಕೇಳುವುದಿಲ್ಲ, ಶಕಾರ ಅವನ ಭಾವಮೈದುನ. ನಿಜ ಹೇಳಲು ಬಂದ ಗಾಡಿಯಾಳು ಸ್ಥಾವರಕನನ್ನೂ ಶಕಾರ ಚಿನ್ನ ಕದ್ದವನೆಂದು ಹೇಳಿ ಬಾಯಿ ಮುಚ್ಚಿಸುತ್ತಾನೆ. ಅರಸು ಹೀಗಿದ್ದರೆ ಮನೆಯೊಳಗಿನ ಒಳ್ಳೆಯತನ ತನ್ನನ್ನು ತಾನು ಕಾಯಲಾರದು. ಆರ್ಯಕನ ದಂಗೆ ನಾಟಕಕ್ಕೆ ಏಕೆ ಬೇಕಿತ್ತೆಂದು ನನಗೆ ಅರಿವಾದದ್ದು ಆಗ.

ಕೊನೆಯಲ್ಲಿ ವಸಂತಸೇನೆ ಜೀವಂತ ಬಂದು ಚಾರುದತ್ತ ಉಳಿಯುತ್ತಾನೆ, ಆರ್ಯಕ ಅರಸನಾಗುತ್ತಾನೆ. ಆಗ ಕಾಲಿಗೆ ಬಿದ್ದ ಶಕಾರನನ್ನು ಚಾರುದತ್ತ ಬಿಡಿಸುವುದು ತರಗತಿಯಲ್ಲಿ ಯಾರಿಗೂ ಹಿಡಿಸಲಿಲ್ಲ. “ಇವನು ನಾಳೆ ಇನ್ನೊಬ್ಬಳ ಕತ್ತು ಹಿಸುಕುತ್ತಾನೆ ಸಾರ್” ಎಂದು ಮದ್ದೂರಿನ ಕಡೆಯ ಗೆಳೆಯ ಎದ್ದು ನಿಂತ. ಮೇಷ್ಟರು ನಕ್ಕು, ಪರೀಕ್ಷೆಯಲ್ಲಿ ಹಾಗೆಯೇ ಬರೆಯಲು ಹೇಳಿದರು. ಅವನು ಬರೆದ. ಈಗಲೂ ನಾನು ಅವನ ಪಕ್ಷವೇ.