ದೋಸೆ ಮಗುಚುವ ಕೈ

6-3. 5-3. ಮತ್ತೆ 6-3.

ಕಳೆದ ವರ್ಷ ಮಗಳ ಸಾಫ್ಟ್‌ಬಾಲ್ ತಂಡದ ಸ್ಕೋರ್ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಅಪ್ಪಂದಿರು ಮೈದಾನಕ್ಕೆ ಗೆರೆ ಎಳೆಯುತ್ತಾರೆ, ಬಲೆ ಕಟ್ಟುತ್ತಾರೆ. ನನ್ನ ಕೈಗೆ ಪೆನ್ಸಿಲ್ ಕೊಟ್ಟರು. ಈ ಪುಸ್ತಕದಲ್ಲಿ ಒಬ್ಬೊಬ್ಬ ಫೀಲ್ಡರ್‌ಗೂ ಒಂದು ನಂಬರ್. 6 ಅಂದರೆ ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್, 5 ಥರ್ಡ್ ಬೇಸ್, 3 ಫಸ್ಟ್ ಬೇಸ್. ಬೇಸ್ ಅಂದರೆ ಹೊಡೆದವಳು ಓಡಿ ಮುಟ್ಟಬೇಕಾದ ಗುರುತು. 6-3 ಅಂತ ಬರೆದರೆ ಚೆಂಡು ನೆಲದಲ್ಲಿ ಉರುಳಿ ಶಾರ್ಟ್‌ಸ್ಟಾಪ್ ಕೈಗೆ ಹೋಯಿತು, ಅವಳು ಫಸ್ಟ್ ಬೇಸ್‌ಗೆ ಎಸೆದಳು, ಬ್ಯಾಟ್ ಮಾಡಿದವಳು ಅಲ್ಲಿಗೆ ಓಡಿ ಮುಟ್ಟುವ ಮೊದಲೇ ಔಟ್. ಬೇಸಿನಿಂದ ಬೇಸಿಗೆ ಬರೀ 60 ಅಡಿ. ಆದರೂ ಎಸೆದ ಚೆಂಡಿನ ಎದುರು 12 ವರ್ಷದ ಹುಡುಗಿಯ ಕಾಲು ಎಲ್ಲಿ ಗೆಲ್ಲಬೇಕು?

ನನ್ನ ಮಗಳ ಸಾಲು ತುಂಬ ಇದೇ. ಬಲವಾಗಿಯೇ ಹೊಡೆಯುತ್ತಿದ್ದಳು. ಚೆಂಡು ಮಾತ್ರ ಎರಡು ಪುಟ ಬಿದ್ದು ಎಡಕ್ಕೆ ಉರುಳುತ್ತಿತ್ತು.

ಕೋಚ್ ಒಂದೇ ಮಾತಿನಲ್ಲಿ ಹೇಳಿದರು: ಮಣಿಕಟ್ಟು ಬೇಗ ತಿರುಗಿಸುತ್ತಿದ್ದಾಳೆ. ಬಲಗೈ ಬ್ಯಾಟರ್ ಆದರೆ ಚೆಂಡಿಗೆ ಬ್ಯಾಟ್ ತಾಗುವ ಹೊತ್ತಿನಲ್ಲಿ ಬಲ ಅಂಗೈ ಆಕಾಶ ನೋಡುತ್ತಿರಬೇಕು, ಎಡ ಅಂಗೈ ನೆಲ ನೋಡುತ್ತಿರಬೇಕು. ಇವಳದ್ದು ಅಷ್ಟರೊಳಗೇ ಬಲಗೈ ಮಗುಚಿಕೊಂಡಿರುತ್ತಿತ್ತು. ಬ್ಯಾಟು ಚೆಂಡಿನ ನೆತ್ತಿ ಸವರಿಕೊಂಡು ಹೋಗುತ್ತದೆ, ಚೆಂಡು ನೆಲ ಕಚ್ಚುತ್ತದೆ. ಬೇಲಿಯ ಪಕ್ಕ ಮಡಚೋ ಕುರ್ಚಿಯಲ್ಲಿ ಕೂತಿದ್ದ ನನ್ನ ಹೆಂಡತಿ ಇದನ್ನು ಇನ್ನೂ ಚೆನ್ನಾಗಿ ಹೇಳಿದಳು. "ರೀ, ಇವಳು ದೋಸೆ ಮಗುಚ್ತಿದಾಳೆ ನೋಡಿ."

ಅವತ್ತಿನಿಂದ ನಮ್ಮ ಮನೆಯಲ್ಲಿ ಆ ತಪ್ಪಿಗೆ ಅದೇ ಹೆಸರು.

ಆ ತಪ್ಪು ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು, ಕೋಚ್‌ಗೆ ಹೇಳಲಿಲ್ಲ ಅಷ್ಟೇ. ನಾನು ಬೆಳೆದದ್ದು ಭದ್ರಾವತಿಯಲ್ಲಿ. ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು. 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟಿನಲ್ಲೇ 137 ಹೊಡೆದವರು. ಅವರ ಮಣಿಕಟ್ಟಿನ ಕತೆ ಕೇಳದೆ ನಮ್ಮಲ್ಲಿ ಯಾರೂ ದೊಡ್ಡವರಾಗಲಿಲ್ಲ. ಅದರ ಮೇಲೆ ನಮ್ಮ ಬೀದಿ ಕ್ರಿಕೆಟ್‌ನ ಕಾನೂನು: ಚೆಂಡು ನೇರವಾಗಿ ಎದುರು ಮನೆ ಕಾಂಪೌಂಡ್ ಒಳಗೆ ಬಿದ್ದರೆ ಔಟ್. ಆ ಮನೆಯ ಅಜ್ಜಿ ಚೆಂಡು ವಾಪಸ್ ಕೊಡುತ್ತಿರಲಿಲ್ಲ. ಹಾಗಾಗಿ ಹೊಡೆದದ್ದೆಲ್ಲ ನೆಲಕ್ಕೇ ಹೋಗಬೇಕು. ಪುಲ್ ಹೊಡೆಯುವಾಗ ಮಣಿಕಟ್ಟು ಮೇಲಿಂದ ತಿರುಗಿಸಿ ಚೆಂಡನ್ನು ಕೆಳಗೆ ಒತ್ತು, ಕ್ಯಾಚ್ ಹೋಗಲ್ಲ. ಕ್ರಿಕೆಟ್‌ನಲ್ಲಿ ಇದು ಬಂಗಾರದಂಥ ಬುದ್ಧಿ. ಇಲ್ಲಿ ಟೆಕ್ಸಸ್‌ನ ಫ್ರಿಸ್ಕೊದಲ್ಲಿ, ಮನೆ ಹಿಂದಿನ ಹುಲ್ಲಿನ ಮೇಲೆ, ಆರು ವರ್ಷದ ಮಗಳಿಗೆ ಪ್ಲಾಸ್ಟಿಕ್ ಬ್ಯಾಟ್ ಕೊಟ್ಟು ನಾನು ಕಲಿಸಿದ್ದೂ ಇದನ್ನೇ. ಕ್ರಿಕೆಟ್‌ನಲ್ಲಿ ಕೆಳಗಿರುವ ಬಲಗೈ ಸಾಫ್ಟ್‌ಬಾಲ್‌ನಲ್ಲಿ ಮೇಲಿನ ಕೈ ಅನಿಸಿಕೊಳ್ಳುತ್ತದೆ. ಹೆಸರು ಬದಲಾಯಿತು, ಚಟ ಬದಲಾಗಲಿಲ್ಲ.

ಮುಂದಿನ ಎರಡು ತಿಂಗಳು ನಾನು ಮಾಡಿದ್ದು ಶುದ್ಧ ದಂಡ. ದಿನಾ ಸಂಜೆ ಗ್ಯಾರೇಜಿನಲ್ಲಿ ಬಲೆ ಕಟ್ಟಿ, ಟೀ ಅನ್ನುವ ಕೋಲಿನ ಮೇಲೆ ಚೆಂಡಿಟ್ಟು, "ಕೈ ತಿರುಗಿಸಬೇಡ, ಕೈ ತಿರುಗಿಸಬೇಡ." ಅವಳು ತಿರುಗಿಸಲಿಲ್ಲ. ಕೈಯನ್ನು ಮರದ ಕೊರಡಿನ ಹಾಗೆ ಬಿಗಿ ಹಿಡಿದಳು. ಅವಳ ಬ್ಯಾಟು 31 ಇಂಚು, 21 ಔನ್ಸ್, ಅಂದರೆ ಸುಮಾರು 600 ಗ್ರಾಂ. ನನ್ನ ಹಳೇ ಕ್ರಿಕೆಟ್ ಬ್ಯಾಟಿನ ಅರ್ಧ ತೂಕ. ಅಂಥ ಹಗುರದ ಬ್ಯಾಟನ್ನೂ ಹಾರೆ ಎತ್ತುವವಳ ಹಾಗೆ ಬೀಸತೊಡಗಿದಳು. ಮೊದಲು 6-3 ಆಗುತ್ತಿದ್ದದ್ದು ಈಗ ಚೆಂಡೆಸೆಯುವ ಪಿಚರ್ ಕೈಗೇ ಹೋಗತೊಡಗಿತು. 1-3.

ಹಿಡಿತ ಸರಿಮಾಡಿದ್ದು ಸ್ವಲ್ಪ ಉಪಯೋಗಕ್ಕೆ ಬಂತು. ಬ್ಯಾಟನ್ನು ಅಂಗೈಯೊಳಗೆ ಅದುಮಿ ಹಿಡಿಯುತ್ತಿದ್ದಳು. ಅದನ್ನು ಬೆರಳುಗಳ ಕಡೆಗೆ ತಂದು, ಬಾಗಿಲು ಬಡಿಯುವ ಗೆಣ್ಣುಗಳು ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರುವ ಹಾಗೆ ಮಾಡಿದೆವು. ಕೈ ಸಡಿಲವಾಯಿತು. ದೋಸೆ ಮಾತ್ರ ನಿಲ್ಲಲಿಲ್ಲ.

ಆಮೇಲೆ ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ತೆಗೆದೆ. ಆಗ ತಲೆ ಕೆಟ್ಟಿತು. ಟೀ ನಡುವಿನಲ್ಲಿದ್ದಾಗ ಅವಳ ಕೈ ಸರಿಯಾಗಿಯೇ ಇತ್ತು! ಬಲ ಅಂಗೈ ಮೇಲೆ, ಎಡ ಅಂಗೈ ಕೆಳಗೆ, ಪಾಠದಲ್ಲಿ ಬರೆದ ಹಾಗೆ. ಕೋಚ್‌ಗೆ ತೋರಿಸಿದೆ. ಅವರು ನೋಡಿ ಒಂದೇ ಪ್ರಶ್ನೆ ಕೇಳಿದರು. "ಪಂದ್ಯದಲ್ಲಿ ಯಾವ ಚೆಂಡಿಗೆ ತಿರುಗಿಸುತ್ತಾಳೆ?"

ನನ್ನ ಪುಸ್ತಕದಲ್ಲಿ ಅದೊಂದು ಇರಲಿಲ್ಲ. ಚೆಂಡು ಎಲ್ಲಿಗೆ ಹೋಯಿತು ಅಂತ ಬರೆದಿದ್ದೆ, ಎಲ್ಲಿ ಬಂತು ಅಂತ ಬರೆದಿರಲಿಲ್ಲ. ಮುಂದಿನ ನಾಲ್ಕು ಪಂದ್ಯ ಪ್ರತಿ ಹೊಡೆತದ ಪಕ್ಕ ಒಂದು ಚುಕ್ಕಿ ಇಟ್ಟೆ: ಮೈಗೆ ಹತ್ತಿರ ಬಂದ ಒಳಗಿನ ಚೆಂಡು, ನಡುವಿನದು, ಮೈಯಿಂದ ದೂರದ ಹೊರಗಿನದು. 6-3 ಇರುವಲ್ಲೆಲ್ಲ ಚುಕ್ಕಿ ಹೊರಗೇ ಇತ್ತು. ಒಂದನ್ನು ಬಿಟ್ಟು.

ಒಳಗೆ ಬಂದ ಚೆಂಡನ್ನು ಮೈಯ ಮುಂದೆ ಹೋಗಿ ಹೊಡೆಯಬೇಕು, ಹೊರಗಿನದನ್ನು ಹತ್ತಿರ ಬರಲು ಬಿಟ್ಟು, ತಡವಾಗಿ ಹೊಡೆದು, ಬಲಗಡೆಗೆ ಕಳಿಸಬೇಕು. ನನ್ನ ಮಗಳು ಎರಡನ್ನೂ ಒಂದೇ ಜಾಗದಲ್ಲಿ, ಮುಂದೆ ಹೋಗಿ ಭೇಟಿ ಮಾಡುತ್ತಿದ್ದಳು. ಅಷ್ಟು ದೂರದ ಚೆಂಡಿಗೆ ಕೈ ಚಾಚಿ ಚಾಚಿ ಎರಡೂ ಮೊಣಕೈ ನೆಟ್ಟಗಾಗಿಬಿಡುತ್ತವೆ. ಆಮೇಲೆ ಬ್ಯಾಟು ಮುಂದಕ್ಕೆ ಹೋಗಬೇಕಾದರೆ ಕೈಗೆ ಇರುವ ದಾರಿ ಒಂದೇ, ಮಗುಚಿಕೊಳ್ಳುವುದು. ಅಂದರೆ ರೋಗ ಮಣಿಕಟ್ಟಿನಲ್ಲಿ ಇರಲೇ ಇಲ್ಲ. ಹೊತ್ತಿನಲ್ಲಿ ಇತ್ತು. ನನ್ನ ಹಳೇ ಪಾಠ ಅದಕ್ಕೆ ಎಣ್ಣೆ ಹೊಯ್ದಿತ್ತು, ಬಿಡಿ.

ಹೊತ್ತು ಅಂದರೂ ಎಷ್ಟಿದೆ ಮಹಾ? ಅವಳ ವಯಸ್ಸಿನಲ್ಲಿ ಪಿಚರ್ ನಿಲ್ಲುವುದು 40 ಅಡಿ ದೂರದಲ್ಲಿ. ಚೆಂಡು ಗಂಟೆಗೆ 50 ಮೈಲಿ ವೇಗದಲ್ಲಿ ಬಂದರೆ ಅರ್ಧ ಸೆಕೆಂಡಿಗೆ ಎದುರಿಗಿರುತ್ತದೆ. ಅಷ್ಟರೊಳಗೆ ನೋಡಬೇಕು, ಒಳಗೋ ಹೊರಗೋ ತಿಳಿಯಬೇಕು, ಬೀಸಬೇಕು. ಅದರ ಜೊತೆಗೆ ಅಪ್ಪನ "ಕೈ ತಿರುಗಿಸಬೇಡ" ಬೇರೆ ನೆನಪಿಟ್ಟುಕೊಳ್ಳಬೇಕು. ಪಾಪ.

ಗ್ಯಾರೇಜಿನಲ್ಲಿ ನಾನು ಬಾಯಿ ಮುಚ್ಚಿದೆ. ಟೀಯನ್ನು ನಡುವಿನಿಂದ ತೆಗೆದು ಹೊರಗಿನ ಅಂಚಿಗೆ, ಒಂದಷ್ಟು ಹಿಂದಕ್ಕೆ ಇಟ್ಟೆವು. ಬಲೆಯ ಬಲ ಮೂಲೆಗೆ ಹಳೇ ಕೆಂಪು ಟವೆಲ್ ಕಟ್ಟಿದೆ. ಅದಕ್ಕೆ ಹೊಡಿ, ಅಷ್ಟೇ ಮಾತು. ಕೋಚ್ ಹೇಳಿದ ಇನ್ನೊಂದು ಉಪಾಯ ನನಗೆ ತುಂಬಾ ಹಿಡಿಸಿತು. ಗಾಳಿ ಅರ್ಧ ತೆಗೆದ ಬಾಸ್ಕೆಟ್‌ಬಾಲನ್ನು ಟೀ ಮೇಲೆ ಕೂರಿಸಿ ಹೊಡೆಯುವುದು. ಚೆಂಡು ದಪ್ಪ, ಭಾರ, ಬ್ಯಾಟಿಗೆ ತಡೆ ಕೊಡುತ್ತದೆ. ಸೊಂಟ ತಿರುಗಿ ಬ್ಯಾಟು ನೇರ ನುಗ್ಗಿದರೆ ಧಪ್ ಅಂತ ಬಲೆಗೆ ಹೋಗುತ್ತದೆ. ಬರೀ ಕೈಯಲ್ಲಿ ಹೊಡೆದು ಮಗುಚಿದರೆ ಪಕ್ಕಕ್ಕೆ ಸುರುಳಿ ಸುತ್ತಿ ನೆಲದ ಮೇಲೆ ಬೀಳುತ್ತದೆ. ಯಾರೂ ಹೇಳಬೇಕಾಗಿಲ್ಲ. ಸದ್ದಿನಲ್ಲೇ ಗೊತ್ತಾಗುತ್ತದೆ. ಮೂರನೇ ದಿನ ಅವಳೇ "ಅಯ್ಯೋ, ದೋಸೆ" ಅಂದುಕೊಂಡು ಇನ್ನೊಮ್ಮೆ ಚೆಂಡು ಇಟ್ಟಳು.

ಸಾಫ್ಟ್‌ಬಾಲಿಗೆ ಕರೀ ಟೇಪಿನ ಪಟ್ಟಿಯನ್ನೂ ಸುತ್ತಿದ್ದೆವು. ಹಿಂದಕ್ಕೆ ಸುತ್ತುತ್ತಾ ಹೋದರೆ ಸರಿ, ಮುಂದಕ್ಕೆ ಉರುಳುತ್ತಾ ಹೋದರೆ ತಪ್ಪು. ಆದರೆ ಆ ಟೇಪು ಎರಡು ದಿನಕ್ಕೇ ಕಿತ್ತುಬಂತು.

ಮಣಿಕಟ್ಟು ಕೊನೆಗೆ ತಿರುಗಲೇಬೇಕು, ಅದನ್ನೂ ಹೇಳಿಬಿಡುತ್ತೇನೆ. ಬ್ಯಾಟಿಗೆ ಚೆಂಡು ಅಂಟಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು. ಅದು ಬಿಟ್ಟು ಹೋಗಿ, ಎರಡೂ ಕೈ ಪೂರ್ತಿ ಚಾಚಿದ ಮೇಲೆ ತಿರುಗಲಿ, ಹೊಡೆತಕ್ಕೆ ಏನೂ ಆಗುವುದಿಲ್ಲ. ಒಕ್ಲಹೋಮ ಸಿಟಿಯಲ್ಲಿ ನಡೆಯುವ ಕಾಲೇಜು ಹುಡುಗಿಯರ ವರ್ಲ್ಡ್ ಸೀರೀಸ್ ಟಿವಿಯಲ್ಲಿ ಬಂದಾಗ ಸ್ಲೋ ಮೋಷನ್ ನಿಲ್ಲಿಸಿ ನಿಲ್ಲಿಸಿ ಇದನ್ನೇ ನೋಡಿದೆವು. (2028ರ ಒಲಿಂಪಿಕ್ಸ್ ಸಾಫ್ಟ್‌ಬಾಲ್ ಕೂಡ ಅಲ್ಲೇ. ನಮಗೆ ಕಾರಿನಲ್ಲಿ ಮೂರು ಗಂಟೆ ದಾರಿ. ಆ ಸಲ ಕ್ರಿಕೆಟ್ಟೂ ಇದೆ, ಆದರೆ ಕ್ಯಾಲಿಫೋರ್ನಿಯಾದಲ್ಲಿ. ಮನೆಯಲ್ಲಿ ಈಗಲೇ ಜಗಳ ಶುರುವಾಗಿದೆ.)

ಜೂನ್ ಕೊನೆಯ ಶನಿವಾರ. ಬಿಸಿಲಿಗೆ ಡಗ್‌ಔಟ್‌ನ ಬೆಂಚು ಕಾವಲಿಯಾಗಿತ್ತು. ಎರಡನೇ ಸಲ ಬ್ಯಾಟಿಗೆ ಬಂದಾಗ ಹೊರಗಿನ ಚೆಂಡೇ ಬಂತು. ಅವಳು ಕಾದಳು. ನನಗೆ ಇಲ್ಲಿಂದ ಕಂಡಿತು, ಒಂದು ಕ್ಷಣ ಕಾದಳು. ಆಮೇಲೆ ಹೊಡೆದಳು. ಚೆಂಡು ಬಲಕ್ಕೆ, ಎತ್ತರಕ್ಕೆ, ಚೆನ್ನಾಗಿ ಹೋಗಿ ರೈಟ್ ಫೀಲ್ಡರ್ ಗ್ಲೌಸಿನೊಳಗೆ ಕೂತಿತು. ಕ್ಯಾಚ್.

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಪಕ್ಕದ ಕುರ್ಚಿಯವರು ತಿರುಗಿ ನೋಡಿದರು.

ಅವಳು ಹೆಲ್ಮೆಟ್ ತೆಗೆಯುತ್ತಾ ಬೇಲಿ ಹತ್ತಿರ ಬಂದು, "ಅಪ್ಪಾ, ನಾನು ಔಟ್ ಆದೆ. ಗೊತ್ತಾಯ್ತಾ?" ಅಂದಳು.

"ಗೊತ್ತಾಯ್ತು," ಅಂದೆ. ಅವಳ ಸಾಲಿನಲ್ಲಿ ಮೊದಲ ಸಲ 9 ಅಂತ ಬರೆಯುತ್ತಿದ್ದೆ.