ಫ್ರಾವ್ ಶಿವಣ್ಣನ ಪೊರಕೆ ವಾರ

19 ಅಕ್ಟೋಬರ್ 2025, ಭಾನುವಾರ
ಸ್ಟಟ್‌ಗಾರ್ಟ್

ಇವತ್ತು ನೀರು ತುಂಬುವ ಹಬ್ಬ. ತುಂಬೋಕೆ ಇಲ್ಲಿ ಜರ್ಮನಿಯಲ್ಲಿ ಹಂಡೆ ಇಲ್ಲ. ಗೋಡೆಗೆ ಹೊಡೆದ ಬಾಯ್ಲರ್ ಇದೆ, ಅದಕ್ಕೆ ಸುಣ್ಣ ಕೆಮ್ಮಣ್ಣು ಬಳಿದರೆ ಮನೆ ಬಿಡುವಾಗ ಅಡ್ವಾನ್ಸ್ ವಾಪಸ್ ಬಂದ ಹಾಗೇ. ಅದಕ್ಕೆ ತಿಪಟೂರಿನಿಂದ ತಂದ ಹಿತ್ತಾಳೆ ಚೊಂಬನ್ನೇ ಹುಣಸೆಹಣ್ಣು ಹಾಕಿ ತಿಕ್ಕಿದೆ. ನೀರು ತುಂಬಿ, ಬಾಲ್ಕನಿಯಲ್ಲಿ ಹಬ್ಬಿರುವ ಯಾವುದೋ ಬಳ್ಳಿ ಕಿತ್ತು ಕತ್ತಿಗೆ ಸುತ್ತಿದೆ. ಅಮ್ಮನಿಗೆ ಫೋಟೋ ಕಳಿಸಿದರೆ, "ಅದೇನೇ ಅದು, ಹಾಗಲ ಬಳ್ಳಿ ತರಾನೇ ಇಲ್ಲ" ಅಂತ ವಾಯ್ಸ್ ಮೆಸೇಜ್ ಬಂತು.

ಕಸ ಹಾಕೋಕೆ ಅಂತ ಬಾಗಿಲು ತೆಗೆದಾಗ ಹಿಡಿಕೆಯಲ್ಲಿ ಆ ಹಲಗೆ ಇನ್ನೂ ನೇತಾಡುತ್ತಿತ್ತು. ಈ ವಾರ ನಮ್ಮ ಸರದಿ.

ಈ ಹಲಗೆಯ ಕತೆ ಬರೆಯಲೇಬೇಕು. ಇದಕ್ಕೆ ಇಲ್ಲಿ ಕೇರ್‌ವೊಖೆ ಅಂತಾರೆ. ಗುಡಿಸುವ ವಾರ ಅಂತ ಅರ್ಥ. ಕಟ್ಟಡದಲ್ಲಿರುವ ಮನೆಯವರು ವಾರಕ್ಕೊಬ್ಬರಂತೆ ಮೆಟ್ಟಿಲು ಗುಡಿಸಿ ಒರೆಸಬೇಕು. ಅದು ಚಿಕ್ಕ ಕೇರ್‌ವೊಖೆ. ನೆಲಮಾಳಿಗೆ, ಅಂಗಳ, ಮನೆ ಮುಂದಿನ ಫುಟ್‌ಪಾತ್ ಸೇರಿದರೆ ದೊಡ್ಡದು. ಸರದಿ ಮುಗಿದವರು ಹಲಗೆಯನ್ನು ತಂದು ಮುಂದಿನ ಮನೆ ಬಾಗಿಲಿಗೆ ನೇತುಹಾಕಿ ಹೋಗುತ್ತಾರೆ. ಇದೇನು ನಿನ್ನೆ ಮೊನ್ನೆಯದಲ್ಲ. ವಾರಕ್ಕೊಮ್ಮೆ ನಿಮ್ಮ ಮನೆ ಗಲೀಜು ಊರಾಚೆ ಸಾಗಿಸಿ ಅಂತ 1492ರ ಸ್ಟಟ್‌ಗಾರ್ಟ್ ನಗರದ ಕಾನೂನಿನಲ್ಲೇ ಇತ್ತಂತೆ. ಕೊಲಂಬಸ್ ಹಡಗು ಹತ್ತಿದ ವರ್ಷ ಇವರು ಪೊರಕೆ ಹಿಡಿದು ನಿಂತಿದ್ದರು.

2018ರಲ್ಲಿ ಬಂದ ಹೊಸದರಲ್ಲಿ ನಮಗೆ ಇದೆಲ್ಲ ಎಲ್ಲಿ ಗೊತ್ತು? ಒಂದು ದಿನ ಬಾಗಿಲಲ್ಲಿ ಮರದ ಹಲಗೆ. ಅದರ ಮೇಲೆ ಪೊರಕೆಯ ಚಿತ್ರ. ಹೊಸ ಮನೆಗೆ ಬಂದಿದ್ದಕ್ಕೆ ಯಾರೋ ಉಡುಗೊರೆ ಕೊಟ್ಟಿದ್ದಾರೆ ಅಂದುಕೊಂಡೆವು. ದೇವರ ಗೂಡಿನ ಪಕ್ಕ ಜಾಗ ಇತ್ತು, ಆದರೆ ಪೊರಕೆ ಚಿತ್ರ ಇರೋದನ್ನು ಅಲ್ಲಿಡೋದು ಬೇಡ ಅಂತ ಚಪ್ಪಲಿ ಸ್ಟ್ಯಾಂಡಿನ ಮೇಲೆ ಮೊಳೆ ಹೊಡೆದೆವು. ಅದೂ ಭಾನುವಾರ. ಭಾನುವಾರ ಇಲ್ಲಿ ಮೊಳೆ ಹೊಡೆಯಬಾರದು, ಡ್ರಿಲ್ ಮಾಡಬಾರದು, ವ್ಯಾಕ್ಯೂಮ್ ಕೂಡ ಹಾಕಬಾರದು. ಒಂದೇ ಏಟಿಗೆ ಎರಡು ತಪ್ಪು.

ಎರಡು ವಾರ ಮೆಟ್ಟಿಲು ಯಾರೂ ಗುಡಿಸಲಿಲ್ಲ. ಹಲಗೆ ಬರದೇ ಮುಂದಿನವರು ಹೇಗೆ ಶುರು ಮಾಡ್ತಾರೆ ಹೇಳಿ. ಆಮೇಲೆ ಅಂಚೆ ಡಬ್ಬಿಯಲ್ಲಿ ಒಂದು ಕಾಗದ. ಟೈಪ್ ಮಾಡಿದ್ದು. "ಮಾನ್ಯ ಫ್ರಾವ್ ಶಿವಣ್ಣ" ಅಂತ ಶುರು. ಫ್ರಾವ್ ಅಂದರೆ ಶ್ರೀಮತಿ. ಕೆಳಗೆ ಯಾರ ಸಹಿಯೂ ಇಲ್ಲ, 'ಮನೆಯ ಸಮುದಾಯ' ಅಂತಷ್ಟೇ. ಫೋನಿನಲ್ಲಿ ಅನುವಾದ ಮಾಡಿಕೊಂಡು ಓದಿದೆ. ಅವತ್ತು ಅತ್ತಿದ್ದು ನಿಜ. ಗುಡಿಸಿ ಅಂದಿದ್ದಕ್ಕಲ್ಲ. ಹುಟ್ಟಿದಾಗಿಂದ ಅಂಗಳ ಗುಡಿಸಿದವಳೇ ನಾನು. ಆರು ಮೆಟ್ಟಿಲು ಕೆಳಗಿರುವವರು ಬೆಲ್ ಒತ್ತಿ "ಏನಮ್ಮಾ, ಹಿಂಗೆ" ಅನ್ನೋಕೆ ಆಗದೆ ಕಾಗದ ಹಾಕಿದರಲ್ಲ ಅಂತ. ನಮ್ಮೂರಲ್ಲಾಗಿದ್ದರೆ ಕಾಂಪೌಂಡಿನ ಆಚೆಯಿಂದ ಒಂದು ಕೂಗು. ಜಗಳ ಆಗುತ್ತಿತ್ತು. ಸಂಜೆ ಹೊತ್ತಿಗೆ ಕರಿಬೇವು ಕೇಳಿಕೊಂಡು ಅವರೇ ಬರುತ್ತಿದ್ದರು.

ಫ್ರಾವ್ ಶಿವಣ್ಣ ನಾನೇ. ಶಿವಣ್ಣ ನಮ್ಮಪ್ಪ. ನಮ್ಮಲ್ಲಿ ಸರ್‌ನೇಮ್ ಎಲ್ಲಿದೆ, ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟ್ ಆ ಜಾಗದಲ್ಲಿ ಅಪ್ಪನ ಹೆಸರು ತುಂಬಿಸಿದ. ಈಗ ದಂತವೈದ್ಯರ ಹತ್ತಿರ, ಬ್ಯಾಂಕಿನಲ್ಲಿ, ಪಾರ್ಸೆಲ್ ಹುಡುಗನಿಗೆ, ಎಲ್ಲರಿಗೂ ನಾನು ಶ್ರೀಮತಿ ಶಿವಣ್ಣ. ಅಂಚೆ ಡಬ್ಬಿಯ ಮೇಲೂ, ಕಾಲಿಂಗ್ ಬೆಲ್ಲಿನ ಮೇಲೂ ಅದೇ ಹೆಸರು. ಡಬ್ಬಿ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತೆ, ಬಂದ ಮೊದಲ ತಿಂಗಳು ಬ್ಯಾಂಕಿನ ಕಾರ್ಡೇ ಹಾಗೆ ಹೋಗಿತ್ತು. ಊರಲ್ಲಿ ಅಪ್ಪನ ಎದುರು ಅಪ್ಪನ ಹೆಸರು ಹೇಳಿದವಳಲ್ಲ ನಾನು. ಇಲ್ಲಿ ಆಫೀಸಿನಲ್ಲಿ ಫೋನ್ ಎತ್ತಿ "ಶಿವಣ್ಣ" ಅಂತೀನಿ. ಇಲ್ಲಿನ ಪದ್ಧತಿ ಹಾಗೆ, ಹಲೋ ಅನ್ನಲ್ಲ, ಮನೆತನದ ಹೆಸರು ಹೇಳಬೇಕು. ಒಮ್ಮೆ ಅಪ್ಪನೇ ಫೋನ್ ಮಾಡಿದಾಗ ಅಭ್ಯಾಸಬಲದಲ್ಲಿ "ಶಿವಣ್ಣ" ಅಂದುಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಹೂಂ, ಹೇಳಮ್ಮ."

ಮಗಳದ್ದು ಇನ್ನೊಂದು. ಇಲ್ಲಿನ ಶ್ವಾಬಿಶ್ ಜನ ಎಲ್ಲ ಪದಕ್ಕೂ ಮುದ್ದಿಗೆ 'ಲೆ' ಸೇರಿಸುತ್ತಾರೆ. ಮನೆ ಅನ್ನೋದು ಹಾಯ್ಸ್‌ಲೆ, ಸ್ವಲ್ಪ ಅನ್ನೋದು ಬಿಸ್‌ಲೆ. ಶಿಶುವಿಹಾರದಿಂದ ಬಂದವಳು ವಿಡಿಯೋ ಕಾಲಿನಲ್ಲಿ ಅಜ್ಜಿಗೆ "ಇಡ್ಲಿಲೇ" ಅಂದಳು. ಅಮ್ಮ ಗಾಬರಿ. "ಏನೇ ಇದು, ಈಗಲೇ ಲೇ ಗೀ ಅಂತ ಕಲಿತವಳೆ!"

ಸಂಜೆ ಅಪ್ಪ ಮತ್ತೆ ಅದೇ ಮಾತು ತೆಗೆದರು. ಪೌರತ್ವದ್ದು. 2024ರ ಜೂನ್ 27ರಿಂದ ಇಲ್ಲಿ ಕಾನೂನು ಬದಲಾಗಿದೆ. ಪೌರತ್ವ ಕೇಳೋಕೆ ಇಲ್ಲಿ 8 ವರ್ಷ ಇರಬೇಕಿತ್ತು, ಅದು 5 ಆಯಿತು. ಹಳೆಯ ದೇಶದ ಪೌರತ್ವ ಬಿಡಲೇಬೇಕು ಅನ್ನೋ ಷರತ್ತೂ ಹೋಯಿತು. ತುಂಬಾ ಚೆನ್ನಾಗಿ ಬೆರೆತವರಿಗೆ 3 ವರ್ಷಕ್ಕೇ ಕೊಡುವ ದಾರಿ ಒಂದಿತ್ತು, ಅದನ್ನು ಮುಚ್ಚಲು ಈ ತಿಂಗಳು 8ಕ್ಕೆ ಸಂಸತ್ತು ಒಪ್ಪಿತು. ನಮಗೆ 7 ವರ್ಷ ಆಗಿದೆ, ಅದರ ಚಿಂತೆ ಇಲ್ಲ. ಆಫೀಸಿನಲ್ಲಿ ಟರ್ಕಿಯವನೊಬ್ಬ ಎರಡೂ ಪಾಸ್‌ಪೋರ್ಟ್ ಇಟ್ಟುಕೊಂಡು ಖುಷಿಯಾಗಿದ್ದಾನೆ. ಆದರೆ ಜರ್ಮನಿ ಬಿಟ್ಟರೂ ಭಾರತ ಬಿಡಲ್ಲ. ಇನ್ನೊಂದು ದೇಶದ ಪೌರತ್ವ ತೆಗೆದುಕೊಂಡ ಗಳಿಗೆಯೇ ನಮ್ಮದು ಹೋಯಿತು. ಪಾಸ್‌ಪೋರ್ಟ್ ಒಪ್ಪಿಸಿ ಓಸಿಐ ಕಾರ್ಡ್, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡ್, ಮಾಡಿಸಬೇಕು.

"ತೋಟಕ್ಕೆ ಬರೋಕೆ ವೀಸಾ ಬೇಕೇನಮ್ಮ?" ಅಂದರು ಅಪ್ಪ.

ಬೇಡ ಅಂದೆ. ಕಾರ್ಡ್ ಇದ್ದರೆ ಜೀವನಪೂರ್ತಿ ಬಂದು ಹೋಗಬಹುದು. ವೋಟ್ ಇಲ್ಲ. ಹೊಲ ತೋಟ ಕೊಳ್ಳೋ ಹಾಗಿಲ್ಲ. ಅಪ್ಪನಿಂದ ಮಕ್ಕಳಿಗೆ ಬಂದದ್ದಾದರೆ ಇಟ್ಟುಕೊಳ್ಳಬಹುದು. ಇದನ್ನು ಹೇಳುವಾಗ ನಾಲಿಗೆ ತಡೆಯಿತು. "ಬಂದದ್ದಾದರೆ" ಅನ್ನೋ ಮಾತಿಗೆ ಏನರ್ಥ ಅಂತ ಇಬ್ಬರಿಗೂ ಗೊತ್ತು. ಅಪ್ಪ ಕೊಬ್ಬರಿ ರೇಟಿನ ವಿಷಯಕ್ಕೆ ಹೋದರು.

ಪೌರತ್ವದ ಪರೀಕ್ಷೆ ಏನು ಕಷ್ಟ ಇಲ್ಲ. 33 ಪ್ರಶ್ನೆ, 17 ಸರಿ ಆದರೆ ಪಾಸ್. ಪ್ರಶ್ನೆಗಳೆಲ್ಲ ಮೊದಲೇ ಸಿಗುತ್ತವೆ, 300 ಇಡೀ ದೇಶದ್ದು, 10 ನಾವಿರುವ ರಾಜ್ಯದ್ದು. ಈಸ್ಟರ್‌ನಲ್ಲಿ ಏನು ಮಾಡುತ್ತಾರೆ ಅಂತ ಒಂದಿದೆ. ಮೊಟ್ಟೆಗೆ ಬಣ್ಣ ಬಳಿಯುತ್ತಾರೆ. ಹಲಗೆ ಬಾಗಿಲಿಗೆ ಬಂದರೆ ಏನು ಮಾಡಬೇಕು ಅಂತ ಒಂದೂ ಇಲ್ಲ.

ಕೆಲಸಕ್ಕೆ ನಾನು ಎಸ್1 ರೈಲು ಹತ್ತಿ ಎಸ್ಲಿಂಗನ್‌ಗೆ ಹೋಗುತ್ತೇನೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಶುರು ಮಾಡಿದ ಹರ್ಮನ್ ಮೊಗ್ಲಿಂಗ್ ತೀರಿಕೊಂಡದ್ದು ಇದೇ ಊರಲ್ಲಿ, 1881ರಲ್ಲಿ. ನಿಘಂಟಿನ ಕಿಟ್ಟೆಲ್ ಕಡೆಯ ದಿನಗಳನ್ನು ಕಳೆದದ್ದು ಪಕ್ಕದ ಟ್ಯೂಬಿಂಗನ್‌ನಲ್ಲಿ. ರೈಲಿನಲ್ಲಿ ಕೂತಾಗ ಅವರ ನೆನಪಾಗುತ್ತೆ. ಮಂಗಳೂರಿನ ಸೆಕೆಯಲ್ಲಿ, ಧಾರವಾಡದ ಮಳೆಯಲ್ಲಿ ಅವರು ಏನೇನು ತಪ್ಪು ಮಾಡಿರಬಹುದು? ಯಾರ ಮನೆ ಹೊಸ್ತಿಲಿಗೆ ಬೂಟುಗಾಲು ಇಟ್ಟಿರಬಹುದು? ಅವರಿಗೆ ಯಾರೂ 33 ಪ್ರಶ್ನೆ ಕೊಟ್ಟಿರಲಿಲ್ಲ ಬಿಡಿ. ಅವರು ಬಂದದ್ದು ಕಲಿಸೋಕೆ, ಮತ ಹೇಳೋಕೆ. ನಾನು ಬಂದದ್ದು ಸಂಬಳಕ್ಕೆ. ಎರಡೂ ಒಂದೇ ಅಲ್ಲ. ಆದರೂ ಬೇರೆಯವರ ಭಾಷೆಯ ಒಂದೊಂದೇ ಪದ ಹಿಡಿದು ಬರೆದುಕೊಂಡು ಕೂತ ಮನುಷ್ಯನ ಮೇಲೆ ನನಗೆ ಪ್ರೀತಿ. ನನಗಂತೂ ಏಳು ವರ್ಷಕ್ಕೂ ಜರ್ಮನ್ ಪದಗಳ ಲಿಂಗ ಹೇಳುವ ಡೇರ್, ಡೀ, ಡಾಸ್ ಸರಿಯಾಗಿಲ್ಲ.

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಆಗಿದ್ದೂ ಬರೆದುಬಿಡುತ್ತೇನೆ. ಮಧ್ಯಾಹ್ನ ಮಲಗಿದ್ದೆ, ಪಕ್ಕದ ಮನೆ ಅಕ್ಕ ಸೀದಾ ರೂಮಿಗೇ ಬಂದು ಮಂಚದ ಮೇಲೆ ಕೂತರು. ಅವರು ಹೋದ ಮೇಲೆ, "ಒಂದು ಫೋನ್ ಮಾಡಿ ಬರಬಾರದಾ" ಅಂದೆ. ಅಮ್ಮ ನನ್ನ ಮುಖ ನೋಡಿದರು. "ಫೋನ್ ಮಾಡಿ ಬರೋಕೆ ಅವಳೇನು ಗ್ಯಾಸ್ ತರೋಳಾ?" ಬೆಲ್ ಒತ್ತಲಿಲ್ಲ ಅಂತ ಸ್ಟಟ್‌ಗಾರ್ಟಿನಲ್ಲಿ ಅತ್ತವಳು ನಾನೇ, ಬೆಲ್ ಒತ್ತದೆ ಬಂದರು ಅಂತ ತಿಪಟೂರಿನಲ್ಲಿ ಮುನಿಸಿಕೊಂಡವಳೂ ನಾನೇ.

ಹೋದ ವರ್ಷದ ದೀಪಾವಳಿಗೆ ಬಾಗಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ಸಣ್ಣ ರಂಗೋಲಿ ಹಾಕಿದ್ದೆ. ಐದು ಚುಕ್ಕಿಯದ್ದು, ಜಾಸ್ತಿ ಏನಿಲ್ಲ. ಅದು ಕೆಳಗಿನ ಮನೆ ಅಜ್ಜಿಯ ಸರದಿಯ ವಾರ ಅನ್ನೋದು ಮರೆತೇಹೋಗಿತ್ತು. ಸಂಜೆ ಕೆಲಸದಿಂದ ಬಂದರೆ ಮೆಟ್ಟಿಲೆಲ್ಲ ಒರೆಸಿ ಇನ್ನೂ ಒದ್ದೆ. ನಿಂಬೆ ಸೋಪಿನ ವಾಸನೆ. ನಮ್ಮ ಬಾಗಿಲ ಮುಂದೆ ಮಾತ್ರ ಒಂದು ತಟ್ಟೆಯಗಲ ಒಣಗಿದ ಜಾಗ, ಅದರೊಳಗೆ ರಂಗೋಲಿ ಹಾಗೇ ಇತ್ತು. ಒಂದು ಎಳೆಯ ತುದಿ ಮಾತ್ರ ಒದ್ದೆಯಾಗಿ ಕದಡಿತ್ತು. ಅಜ್ಜಿ ಅದರ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಕಾಗದ ಟೈಪ್ ಮಾಡಿದ್ದು ಅವರೇ ಅಂತ ನನಗೆ ಮೊದಲಿಂದಲೂ ಅನುಮಾನ.

ಈ ಸಲವೂ ನಮ್ಮ ಮುಂದಿನ ಸರದಿ ಅವರದ್ದೇ. ಈಗ ಕೆಳಗಿಳಿದು ಹಲಗೆ ಅವರ ಹಿಡಿಕೆಗೆ ಹಾಕಿ ಬಂದೆ. ಜೊತೆಗೆ ಡಬ್ಬಿಯಲ್ಲಿ ನಾಲ್ಕು ಕೊಬ್ಬರಿ ಮಿಠಾಯಿ. ಬೆಲ್ ಒತ್ತೋಣ ಅನ್ನಿಸಿತು. ಗಂಟೆ ಎಂಟೂವರೆ, ಭಾನುವಾರ ಬೇರೆ. ಒತ್ತಲಿಲ್ಲ.

ನಾಳೆ ನರಕ ಚತುರ್ದಶಿ. ಇಲ್ಲಿ ಸುಮ್ನೆ ಸೋಮವಾರ. ಪಟಾಕಿ ಇಲ್ಲ, ಅಂಗಡಿಯಲ್ಲಿ ಮಾರೋದೇ ಡಿಸೆಂಬರ್ ಕೊನೆಯ ಮೂರು ದಿನ. ಐದಕ್ಕೆ ಅಲಾರಂ ಇಟ್ಟಿದ್ದೇನೆ. ಮಗಳನ್ನು ಎಬ್ಬಿಸಿ ಎಣ್ಣೆ ಹಚ್ಚಿ ತಲೆಗೆ ನೀರು ಹಾಕಬೇಕು. ಆರು ಗಂಟೆಯ ಒಳಗೆ ಹೇರ್ ಡ್ರೈಯರ್ ಸದ್ದು ಮಾಡೋ ಹಾಗಿಲ್ಲ, ಆರೂ ಹತ್ತಕ್ಕೆ ನಾನು ಮನೆ ಬಿಡಬೇಕು. ಎಸ್1ರಲ್ಲಿ ಒದ್ದೆ ತಲೆಯ ಫ್ರಾವ್ ಶಿವಣ್ಣ ಕಂಡರೆ ಹಬ್ಬ ಅಂತ ತಿಳಿದುಕೊಳ್ಳಿ.