ಗ್ಯಾರೇಜಿನ ವಿಂಚ್: ಮೋಟಾರ್ ಬಂತು, ಕರೆಂಟ್ ಎಲ್ಲಿಂದ?

ಮನೇಲಿ ಓಡದೆ ನಿಂತಿರುವ ಹಳೇ ಕಾರು ಒಂದಿದೆ. ತೂಕ ಸುಮಾರು 1100 ಕೆಜಿ. ಎಂಜಿನ್ ಬಿಚ್ಚಬೇಕು ಅಂದರೆ ಮೊದಲು ಅದು ಗ್ಯಾರೇಜ್ ಒಳಗೆ ಬರಬೇಕು. ಬಾಗಿಲ ಮುಂದೆ ಒಂದು ಏರು, ಎಂಟು ಅಡಿಗೆ ಒಂದು ಅಡಿಯಷ್ಟು. ಏರಿನ ತುದಿಯಲ್ಲಿ ಹೊಸ್ತಿಲಿನ ಹಾಗೆ ಒಂದು ದಿಂಡು ಬೇರೆ. ಮೂರು ಜನ ತಳ್ಳಿದೆವು, ಕಾರು ಆ ದಿಂಡಿನ ತನಕ ಬಂದು ಮರ್ಯಾದೆಯಿಂದ ವಾಪಸ್ ಉರುಳಿತು. ಅವತ್ತೇ ವಿಂಚ್ (ಮೋಟಾರಿನಿಂದ ಡ್ರಮ್ ಮೇಲೆ ಹಗ್ಗ ಸುತ್ತಿ ಭಾರ ಎಳೆಯುವ ಯಂತ್ರ) ಹಾಕಬೇಕು ಅಂತ ತೀರ್ಮಾನ ಮಾಡಿದ್ದು.

ತಂದಿದ್ದು ಎಟಿವಿಗಳಿಗೆ (ಕಚ್ಚಾ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಸಣ್ಣ ಗಾಡಿಗಳಿಗೆ) ಹಾಕುವ ಸಣ್ಣ 12 ವೋಲ್ಟ್ ವಿಂಚ್. 2500 ಪೌಂಡ್, ಅಂದರೆ 1130 ಕೆಜಿ ಎಳೆಯುತ್ತೆ ಅಂತ ಬರೆದಿದೆ. ಆ ಲೆಕ್ಕ ಡ್ರಮ್ ಮೇಲೆ ಹಗ್ಗದ ಮೊದಲ ಸುತ್ತಿಗೆ ಮಾತ್ರ. ಮೇಲೆ ಮೇಲೆ ಸುತ್ತು ಬಿದ್ದ ಹಾಗೆ ಎಳೆತ ಕಮ್ಮಿಯಾಗುತ್ತೆ. ನನಗೆ ಅದು ತೊಂದರೆಯೇ ಅಲ್ಲ, ಯಾಕೆಂದರೆ ಕಾರನ್ನು ಎತ್ತಬೇಕಿಲ್ಲ, ಏರಿಸಬೇಕು ಅಷ್ಟೇ. ಏರಿಗೆ ತೂಕದ ಎಂಟನೇ ಒಂದು ಭಾಗ, ಸುಮಾರು 136 ಕೆಜಿ. ಟೈರ್ ಉರುಳೋಕೆ ಇನ್ನೊಂದು 20-25 ಕೆಜಿ, ಗಾಳಿ ಸ್ವಲ್ಪ ಇಳಿದಿತ್ತು. ಒಟ್ಟು 160 ಕೆಜಿ ಎಳೆತ ಸಾಕು.

(ಎತ್ತೋದು ಅಂದೆನಲ್ಲ, ಇಂಥ ವಿಂಚನ್ನು ಎಂಜಿನ್ ನೇತುಹಾಕೋಕೆ ಬಳಸಬೇಡಿ. ಇದರ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತೆ, ಭಾರ ಇಳಿಸುವಾಗ ಕಾದು ಹಿಡಿತ ಕಳೆದುಕೊಳ್ಳಬಹುದು. ಎತ್ತೋಕೆ ಹಾಯ್ಸ್ಟ್ ಅಂತಲೇ ಬೇರೆ ಸಿಗುತ್ತೆ.)

ನೆಲದ ಕೆಲಸ ಬೇಗ ಮುಗೀತು. ಕಾಂಕ್ರೀಟಿಗೆ ನಾಲ್ಕು ಎಂ12 ಆ್ಯಂಕರ್ ಬೋಲ್ಟ್, ಮೇಲೆ ದಪ್ಪ ಉಕ್ಕಿನ ಪ್ಲೇಟ್, ಅದರ ಮೇಲೆ ವಿಂಚ್. ಒಂದು ಮಧ್ಯಾಹ್ನದ ಕೆಲಸ. ಕರೆಂಟಿನ ವಿಷಯ ಮಾತ್ರ ಐದು ವಾರ ತಿಂದಿತು.

ಮೊದಲನೇ ವಾರ

ಗೋಡೆಯಲ್ಲಿ ಪ್ಲಗ್ ಇದೆ, ಮನೇಲಿ 6 ಆಂಪಿನ ಬ್ಯಾಟರಿ ಚಾರ್ಜರ್ ಇದೆ, ಅದೂ 12 ವೋಲ್ಟೇ. ಸಿಕ್ಕಿಸಿದೆ. ಬಟನ್ ಒತ್ತಿದರೆ ಸೊಲೆನಾಯ್ಡ್ (ಮೋಟಾರಿಗೆ ಕರೆಂಟ್ ಸೇರಿಸುವ, ಕಾಯಿಲ್‌ನ ಅಯಸ್ಕಾಂತದಿಂದ ನಡೆಯುವ ಸ್ವಿಚ್) ಟಕಟಕಟಕ ಅಂತ ಬಡಿದುಕೊಂಡಿತು, ಡ್ರಮ್ ಅಲ್ಲಾಡಲಿಲ್ಲ. ಆಮೇಲೆ ವಿಂಚಿನ ಜೊತೆ ಬಂದ ಹಾಳೆ ಓದಿದೆ (ಮೊದಲೇ ಓದಬೇಕಿತ್ತು, ಗೊತ್ತು). ಭಾರ ಇಲ್ಲದೆ ತಿರುಗೋಕೇ 12 ಆಂಪ್ ಬೇಕಂತೆ. ಪೂರ್ತಿ ಭಾರಕ್ಕೆ 140.

ಅದು ಬಿಟ್ಟು ಹಳೇ ಕಂಪ್ಯೂಟರಿನ ಪವರ್ ಸಪ್ಲೈ ಹಿಡಿದೆ. 12 ವೋಲ್ಟಿನ ಸಾಲಿನಲ್ಲಿ 18 ಆಂಪ್ ಕೊಡುತ್ತೆ ಅಂತ ಅದರ ಮೇಲಿತ್ತು. ಖಾಲಿ ಡ್ರಮ್ ತಿರುಗಿಸೋಕೆ ಸಾಕಲ್ವಾ? ಸಾಕಾಗಲಿಲ್ಲ. ಬಟನ್ ಒತ್ತಿದ ಕ್ಷಣವೇ ಅದು ಆಫ್. ತಿರುಗುತ್ತಿರುವ ಮೋಟಾರ್ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತೆ. ನಿಂತ ಮೋಟಾರಿಗೆ ಆ ತಡೆ ಇಲ್ಲ, ಸುರುಳಿಯ ತಾಮ್ರದ ಚೂರು ರೆಸಿಸ್ಟೆನ್ಸ್ ಒಂದೇ ಅಡ್ಡ. ಹಾಗಾಗಿ ಶುರುವಾಗುವ ಆ ಕ್ಷಣದಲ್ಲಿ ನೂರಕ್ಕೂ ಮೇಲೆ ಆಂಪ್ ಕೇಳುತ್ತೆ. ಪವರ್ ಸಪ್ಲೈ ಅದನ್ನು ಶಾರ್ಟ್ ಸರ್ಕ್ಯೂಟ್ ಅಂದುಕೊಂಡು ಕೈ ಎತ್ತಿತು. ಅದರ ತಪ್ಪೇನಿಲ್ಲ.

ಸರ್ವರ್‌ಗಳಿಂದ ತೆಗೆದ ದೊಡ್ಡ ಪವರ್ ಸಪ್ಲೈ ಹಾಕೋಣ ಅಂತಲೂ ಯೋಚಿಸಿದೆ. ಆದರೆ ಕಾರು ಎಲ್ಲಾದರೂ ಸಿಕ್ಕಿಕೊಂಡು ಮೋಟಾರ್ ನಿಂತರೆ ಅದೂ ಇದೇ ಆಟ ಆಡುತ್ತೆ, ಅದೂ ಏರಿನ ಮಧ್ಯೆ. ಬೇಡ ಅಂತ ಬಿಟ್ಟೆ.

ಎರಡನೇ ವಾರ

ಕೂತು ಲೆಕ್ಕ ಹಾಕಿದೆ. ಕಾರು ಎಳೆಯಬೇಕಾದ ದೂರ ಎಂಟು ಮೀಟರ್. ಎರಡೂವರೆ ನಿಮಿಷದ ಕೆಲಸ. 160 ಕೆಜಿ ಎಳೆತಕ್ಕೆ ಹಾಳೆಯ ಪ್ರಕಾರ 30 ಆಂಪ್ ಆಸುಪಾಸು. ಅಲ್ಲಿಗೆ ಒಂದು ಸಲ ಎಳೆಯೋಕೆ ಒಂದೂಕಾಲು ಆಂಪ್-ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್-ಅವರ್), ದಿಂಡು ಹತ್ತಿಸೋದು ಸೇರಿಸಿ ಒಂದೂವರೆ ಅನ್ನಿ. ಅಷ್ಟೇ! ನಾನು ಇಷ್ಟು ದಿನ ವಿಂಚ್ ರಾಕ್ಷಸನ ಹಾಗೆ ತಿನ್ನುತ್ತೆ ಅಂದುಕೊಂಡಿದ್ದೆ. ಅದು ತಿನ್ನೋದು ಕಮ್ಮಿಯೇ, ಆದರೆ ಒಂದೇ ತುತ್ತಿಗೆ ತಿನ್ನುತ್ತೆ.

ನಲ್ಲಿಯಲ್ಲಿ ದಾರದಷ್ಟೇ ನೀರು ಬಂದರೂ ರಾತ್ರಿಯೆಲ್ಲ ಟ್ಯಾಂಕಿ ತುಂಬಿಸಿಟ್ಟರೆ ಬೆಳಿಗ್ಗೆ ಬಕೆಟ್‌ಗಟ್ಟಲೆ ಸುರಿದುಕೊಳ್ಳಬಹುದು. ಇಲ್ಲಿ ಟ್ಯಾಂಕಿ ಅಂದರೆ ಲೆಡ್-ಆ್ಯಸಿಡ್ ಬ್ಯಾಟರಿ, ನಲ್ಲಿ ಅಂದರೆ ಅದೇ ಬಡಪಾಯಿ 6 ಆಂಪ್ ಚಾರ್ಜರ್. ಖರ್ಚಾದ ಒಂದೂವರೆ ಆಂಪ್-ಅವರ್ ಅರ್ಧ ಗಂಟೆಯೊಳಗೆ ಹೆಚ್ಚುಕಮ್ಮಿ ವಾಪಸ್ ಬರುತ್ತೆ. ಆಳವಾಗಿ ಖಾಲಿ ಮಾಡಿದರೂ ತಾಳುವ ದೊಡ್ಡ ಡೀಪ್ ಸೈಕಲ್ ಬ್ಯಾಟರಿಯೂ ಬೇಕಿಲ್ಲ, ಯಾಕೆಂದರೆ ಇಷ್ಟು ಮೇಲುಮೇಲೆ ಖಾಲಿಯಾದರೆ ಮಾಮೂಲಿ ಕಾರ್ ಬ್ಯಾಟರಿಗೂ ಏನೂ ಆಗಲ್ಲ. ಒಮ್ಮೆಲೇ ಜಾಸ್ತಿ ಆಂಪ್ ಕೊಡೋದೇ ಅದರ ಕಸುಬು.

ಕಾರಿನದೇ ಹಳೇ ಬ್ಯಾಟರಿ ಮೂಲೆಯಲ್ಲಿತ್ತು. ಚಾರ್ಜ್ ಮಾಡಿದೆ, 12.5 ವೋಲ್ಟ್ ತೋರಿಸಿತು. ಕೈಗೆ ಸಿಕ್ಕ 6 ಚದರ ಮಿಲಿಮೀಟರ್ ವೈರ್, ನಾಲ್ಕು ಮೀಟರ್ ಹೋಗೋಕೆ, ನಾಲ್ಕು ಮೀಟರ್ ಬರೋಕೆ. ತುದಿಗೆ ಮೊಸಳೆ ಕ್ಲಿಪ್. ಖಾಲಿ ಡ್ರಮ್ ಜುಂ ಅಂತ ತಿರುಗಿತು. ಆ ಸದ್ದು ಕೇಳಿ ಆದ ಖುಷಿಯಲ್ಲಿ ಉಳಿದಿದ್ದೆಲ್ಲ ಮರೆತೆ.

ಮೂರನೇ ವಾರ, ಅನಾಹುತ

ಕಾರು ಏರನ್ನು ಚೆನ್ನಾಗಿಯೇ ಹತ್ತಿತು. ಮುಂದಿನ ಚಕ್ರ ದಿಂಡಿಗೆ ತಾಗಿದ ಕೂಡಲೇ ಮೋಟಾರ್ ನಿಧಾನವಾಯಿತು, ನಿಂತೇಬಿಟ್ಟಿತು, ಮತ್ತೆ ಅದೇ ಟಕಟಕಟಕ. ಆಮೇಲೆ ಟಕಟಕ ನಿಂತು ಕಾರು ದಿಂಡು ದಾಟಿತು. ಬಟನ್ ಬಿಟ್ಟೆ. ವಿಂಚ್ ನಿಲ್ಲಲಿಲ್ಲ.

ಬಟನ್ ಬಿಟ್ಟರೂ ಎಳೆಯುತ್ತಲೇ ಇದೆ. ಕಾರು ನೆಟ್ಟಗೆ ನನ್ನ ವರ್ಕ್‌ಬೆಂಚ್ ಕಡೆ ಬರ್ತಾ ಇದೆ. ಓಡಿ ಹೋಗಿ ಬ್ಯಾಟರಿಯ ಕ್ಲಿಪ್ ಕಿತ್ತೆ, ಮುಖದ ಮುಂದೆ ದೊಡ್ಡ ಕಿಡಿ ಹಾರಿತು. ಬೆಂಚಿಗೂ ಕಾರಿಗೂ ಒಂದು ಗೇಣು ಜಾಗ ಉಳಿದಿತ್ತು.

ಆದದ್ದು ಇಷ್ಟು. ವೋಲ್ಟೇಜ್ ಕುಸಿದಾಗ ಸೊಲೆನಾಯ್ಡಿನ ಕಾಯಿಲ್ ಹಿಡಿತ ಬಿಡುತ್ತೆ. ಬಿಟ್ಟ ಕೂಡಲೇ ಭಾರ ಹೋಗಿ ವೋಲ್ಟೇಜ್ ಏರುತ್ತೆ, ಕಾಯಿಲ್ ಮತ್ತೆ ಹಿಡಿಯುತ್ತೆ, ಮತ್ತೆ ಕುಸಿತ. ಪ್ರತಿ ಸಲವೂ ಒಳಗೆ ಕಿಡಿ. ಚಾರ್ಜರ್ ಹಾಕಿದಾಗ ಈ ಬಡಿತ ಬರೀ ಸದ್ದು, ಯಾಕೆಂದರೆ ಇದ್ದಿದ್ದೇ 6 ಆಂಪ್. ಬ್ಯಾಟರಿ ಹಿಂದೆ ಇದ್ದಾಗ ಅದೇ ಬಡಿತ ವೆಲ್ಡಿಂಗ್. ಸೊಲೆನಾಯ್ಡ್ ಬಿಚ್ಚಿ ನೋಡಿದರೆ ಎರಡು ಕಾಂಟ್ಯಾಕ್ಟ್‌ಗಳೂ ಕರಗಿ ಅಂಟಿಕೊಂಡಿದ್ದವು.

ಇನ್ನೂ ಭಯ ಹುಟ್ಟಿಸಿದ್ದು ಆ ಕಿಡಿ. ಅದಕ್ಕೆ ಸ್ವಲ್ಪ ಮುಂಚೆ ಬ್ಯಾಟರಿ ಚಾರ್ಜ್ ಆಗುತ್ತಿತ್ತು. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಗಾಳಿಯಲ್ಲಿ ಅದು 4% ಸೇರಿದರೆ ಸಾಕು, ಹತ್ತಿಕೊಳ್ಳೋಕೆ. ಬಾಗಿಲು ತೆರೆದಿದ್ದಕ್ಕೆ ಬಚಾವಾದೆ.

ನಾಲ್ಕನೇ ವಾರ

ಹೊಸ ಸೊಲೆನಾಯ್ಡ್ ಹಾಕಿದೆ. ಈ ಸಲ ಊಹೆ ಬೇಡ, ಅಳೆಯೋಣ ಅಂತ. ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಮೀಟರ್) ಹಾಕಿದರೆ ಸೊನ್ನೆ ತೋರಿಸಿತು! ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು, ನನ್ನದು ಎಸಿ (ಗೋಡೆಯ ಪ್ಲಗ್ಗಿನ ಕರೆಂಟ್) ಮಾತ್ರ ಅಳೆಯೋ ಮೀಟರ್. ಡಿಸಿ (ಬ್ಯಾಟರಿಯ ಕರೆಂಟ್) ಅಳೆಯುವ ಮೀಟರನ್ನು ಗೆಳೆಯನಿಂದ ತಂದೆ.

ಕಾರನ್ನು ಮತ್ತೆ ಏರಿನ ಮೇಲೆ ಬಿಟ್ಟು, ಚಕ್ರದ ಹಿಂದೆ ಅಡ್ಡಗಟ್ಟೆ ಇಟ್ಟುಕೊಂಡು ಎಳೆಸಿದೆ. ಏರಿನಲ್ಲಿ 30 ಆಂಪ್, ಲೆಕ್ಕಕ್ಕೆ ಸರಿಯಾಗಿ. ದಿಂಡಿಗೆ ತಾಗಿದಾಗ 60, ಅಲ್ಲೇ ನಿಲ್ಲಿಸಿದೆ. ಆ 60ರಲ್ಲಿ ಬ್ಯಾಟರಿ ತುದಿಯಲ್ಲಿ 10.9 ವೋಲ್ಟ್, ವಿಂಚ್ ತುದಿಯಲ್ಲಿ 9.1. ದಾರಿಯಲ್ಲೇ 1.8 ವೋಲ್ಟ್ ಮಾಯ. 6 ಚದರ ಮಿಲಿಮೀಟರ್ ವೈರಿಗೆ ಮೀಟರಿಗೆ 3.3 ಮಿಲಿಓಮ್, ಎಂಟು ಮೀಟರಿಗೆ 26. 60 ಆಂಪಿಗೆ 1.6 ವೋಲ್ಟ್ ಅದರಲ್ಲೇ ಹೋಯಿತು. ಉಳಿದಿದ್ದು ಇಕ್ಕಳದಲ್ಲಿ ಒತ್ತಿ ವೈರ್ ತುದಿಗೆ ಕೂರಿಸಿದ್ದ ಲೋಹದ ಲಗ್‌ನಲ್ಲಿ, ಮುಟ್ಟಿದರೆ ಕೈ ಸುಡುತ್ತಿತ್ತು. ಬ್ಯಾಟರಿಯೂ ಪ್ರಾಮಾಣಿಕ ಅಲ್ಲ. ಸುಮ್ನೆ ಇದ್ದಾಗ 12.5 ತೋರಿಸಿ, 60 ಆಂಪ್ ಕೇಳಿದರೆ 10.9ಕ್ಕೆ ಇಳಿಯೋದು ಮುದಿಯಾದ ಲಕ್ಷಣ.

ಐದನೇ ವಾರ

ವೈರ್ ಪೂರ್ತಿ ಕಿತ್ತು 25 ಚದರ ಮಿಲಿಮೀಟರಿನ ವೆಲ್ಡಿಂಗ್ ಕೇಬಲ್ ಎಳೆದೆ. ದಪ್ಪ ಇದ್ದರೂ ಬಳ್ಳಿಯ ಹಾಗೆ ಬಗ್ಗುತ್ತೆ. ಲಗ್‌ಗಳನ್ನು ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿದೆ. ಹೊಸ 60 ಆಂಪ್-ಅವರ್ ಎಜಿಎಂ ಬ್ಯಾಟರಿ (ಆ್ಯಸಿಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಟ್ಟ, ಮುಚ್ಚಿದ ಲೆಡ್-ಆ್ಯಸಿಡ್ ಬ್ಯಾಟರಿ) ತಂದೆ. ಅದರಲ್ಲಿ ಗ್ಯಾಸ್ ಮಾಮೂಲಿಯಾಗಿ ಒಳಗೇ ಮತ್ತೆ ನೀರಾಗುತ್ತೆ, ಆದರೂ ಗಾಳಿಯಾಡುವ ಕಿಟಕಿ ಪಕ್ಕವೇ ಇಟ್ಟಿದ್ದೇನೆ. ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ 125 ಆಂಪಿನ ಫ್ಯೂಸ್. ಫ್ಯೂಸ್ ವಿಂಚಿನ ಹತ್ತಿರ ಯಾಕಿಲ್ಲ ಅಂತ ಗೆಳೆಯ ಕೇಳಿದ. ಕೇಬಲ್ ಮಧ್ಯದಲ್ಲಿ ಎಲ್ಲೋ ಉಜ್ಜಿ ಶಾರ್ಟ್ ಆದರೆ, ವಿಂಚ್ ಕಡೆ ಇರುವ ಫ್ಯೂಸ್ ನೋಡ್ತಾ ಕೂತಿರುತ್ತೆ ಅಷ್ಟೇ.

ಮುಖ್ಯವಾದದ್ದು ಕೆಂಪು ಹಿಡಿಯ ಬ್ಯಾಟರಿ ಕಟ್-ಆಫ್ ಸ್ವಿಚ್. ಅದನ್ನು ಬ್ಯಾಟರಿ ಹತ್ತಿರ ಅಲ್ಲ, ನಾನು ರಿಮೋಟ್ ಹಿಡಿದು ನಿಲ್ಲುವ ಜಾಗದಲ್ಲಿ ಕೈಗೆ ಸಿಗೋ ಹಾಗೆ ಗೋಡೆಗೆ ಕೂರಿಸಿದೆ. ಇದಕ್ಕಾಗಿ ಕೇಬಲ್ ಒಂದು ಮೀಟರ್ ಸುತ್ತಿ ಬರುತ್ತೆ. ಬರಲಿ.

ಮತ್ತೆ ಅದೇ ಪರೀಕ್ಷೆ. 60 ಆಂಪಿಗೆ ಬ್ಯಾಟರಿಯಲ್ಲಿ 12.1, ವಿಂಚಿನಲ್ಲಿ 11.7. ಕಾರು ದಿಂಡನ್ನು ಗಮನಿಸಲೇ ಇಲ್ಲ. ಎಳೆಯುವಾಗ ಚಾರ್ಜರ್ ಪ್ಲಗ್ ಕಿತ್ತಿಡುತ್ತೇನೆ, ಮೋಟಾರಿನ ವೋಲ್ಟೇಜ್ ಏರಿಳಿತ ಅದರ ಎಲೆಕ್ಟ್ರಾನಿಕ್ಸಿಗೆ ಯಾಕೆ ಬೇಕು ಅಂತ. ಮುಗಿದ ಮೇಲೆ ಹಾಕಿದರೆ ತುಂಬಿಸಿ, 13.6 ವೋಲ್ಟಿನ ಫ್ಲೋಟಿಗೆ (ತುಂಬಿದ ಬ್ಯಾಟರಿಯನ್ನು ಹಾಗೇ ಇಟ್ಟುಕೊಳ್ಳುವ ಕಮ್ಮಿ ಚಾರ್ಜಿಗೆ) ಬಂದು ಸುಮ್ಮನಾಗುತ್ತೆ.

ಬಾಕಿ ಇರೋದು ಲಿಮಿಟ್ ಸ್ವಿಚ್, ಹಗ್ಗದ ಕೊಕ್ಕೆ ವಿಂಚಿಗೆ ಬಂದು ಗುದ್ದುವ ಮೊದಲು ತಾನೇ ನಿಲ್ಲಿಸೋಕೆ. ಸದ್ಯಕ್ಕೆ ಹಗ್ಗದ ಕೊನೆಯ ಒಂದು ಮೀಟರಿಗೆ ಕೆಂಪು ಬಣ್ಣ ಬಳಿದಿದ್ದೇನೆ. ಕಾರು ಈಗ ಒಳಗಿದೆ. ಎಂಜಿನ್ನಿನ ಒಂದು ಬೋಲ್ಟೂ ಬಿಚ್ಚಿಲ್ಲ, ಈ ಐದು ವಾರದಲ್ಲಿ ಅದನ್ನು ಆರು ಸಲ ಹೊರಗೆ ಬಿಟ್ಟು ಒಳಗೆ ಎಳೆದಿದ್ದೇ ಆಯಿತು.